ಹೊಗೆಬಾಯಿಯ ಬಿರಡೆ

ರಾತ್ರಿಯಿಡೀ ಸಕ್ಕರೆ ಗೆಡ್ಡೆಯ ರಾಶಿಯ ಬುಡದಲ್ಲಿ ನಿಂತು, ಬರುವ ಹೋಗುವ ಲಾರಿಗಳಿಗೆ ಕೈ ತೋರಿಸಿ ತೋರಿಸಿ ತೋಳು ಸೋತವರಿಗೆ ಬೆಳಿಗ್ಗೆ ಬೇಕಾಗುವುದು ಬೆಚ್ಚಗಿನ ಹಾಸಿಗೆ ಒಂದೇ. ಆ ಬೆಳಿಗ್ಗೆ ನಮ್ಮ ಮನೆಯಾದ ಟ್ರೇಲರಿನ ಬಾಗಿಲು ತೆಗೆದರೆ ಒಳಗೂ ಹೊರಗಿನಷ್ಟೇ ಚಳಿ. ಸಿಂಕಿನಲ್ಲಿ ಬಿಟ್ಟುಹೋಗಿದ್ದ ಲೋಟದ ತಳದಲ್ಲಿ ಕಾಫಿ ಹೆಪ್ಪುಗಟ್ಟಿತ್ತು.

"ಫರ್ನೇಸ್ ಕೈಕೊಟ್ಟಿದೆ," ಎಂದೆ. ಟ್ರೇಲರನ್ನು ಬಿಸಿಮಾಡುವ ಆ ಗ್ಯಾಸಿನ ಯಂತ್ರವನ್ನು ಉತ್ತರಕ್ಕೆ ಬಂದ ಮೇಲೆ ಮೊದಲ ಸಲ ಹಿಂದಿನ ಸಂಜೆ ಹಾಕಿಟ್ಟು ಹೋಗಿದ್ದೆವು.

"ಕೈಕೊಟ್ಟಿಲ್ಲ ಕಣೇ, ಯೋಚ್ನೆ ಮಾಡ್ತಿದೆ," ಎಂದ ನನ್ನ ಗಂಡ ಆರಿನ್, ಮೆಟ್ಟಿಲಿನ ಮೇಲೆ ಕೂತು ಬೂಟಿನ ಮಣ್ಣು ಕೆರೆಯುತ್ತ.

"ಅದು ಯೋಚ್ನೆ ಮಾಡಿ ಮುಗ್ಸೋ ಹೊತ್ಗೆ ನಾವಿಬ್ರೂ ಕಲ್ಲಾಗಿರ್ತೀವಿ."

ಅವನು ಒಳಗೆ ಬಂದು ಗೋಡೆಯ ಮೇಲಿನ ಗುಂಡಿ ತಿರುಗಿಸಿದ. ಫ್ಯಾನು ಗೊರ್ರೆಂದು ಎದ್ದಿತು. ಆಮೇಲೆ ಟಿಕ್ ಟಿಕ್ ಎಂದು ಕಿಡಿ ಹಾರುವ ಸದ್ದು. ಅದರ ಹಿಂದೆಯೇ ಭುಸ್ಸೆಂದು ಬೆಂಕಿ ಹತ್ತಬೇಕು. ಹತ್ತಿತು ಅನ್ನುವಷ್ಟರಲ್ಲಿ ಆರಿತು. ಇನ್ನೊಮ್ಮೆ ಟಿಕ್ ಟಿಕ್, ಇನ್ನೊಮ್ಮೆ ಭುಸ್, ಇನ್ನೊಮ್ಮೆ ತಣ್ಣಗೆ. ಕೊನೆಗೆ ಮುನಿಸಿಕೊಂಡ ಅಳಿಯನ ಹಾಗೆ ಪೂರ್ತಿ ಸುಮ್ಮನಾಯಿತು.

ನಾವು ಮನೆ ಮಾರಿ ಗಾಲಿಯ ಮೇಲೆ ಬದುಕುವ ಜನ. ಚಳಿಗಾಲಕ್ಕೆ ಅರಿಜೋನಾದ ಮರಳುಗಾಡು, ಬೇಸಿಗೆಗೆ ಎಲ್ಲಾದರೂ ಕೆರೆಯ ದಡದ ಕ್ಯಾಂಪಿನಲ್ಲಿ ಪಾಯಿಖಾನೆ ತೊಳೆಯುವ ಕೆಲಸ, ಅಕ್ಟೋಬರಿಗೆ ಇಲ್ಲಿ, ಉತ್ತರ ಡಕೋಟಾದ ರೆಡ್ ನದಿಯ ಬಯಲಿನಲ್ಲಿ, ಗೆಡ್ಡೆಯ ಕೊಯ್ಲಿಗೆ. ಇಲ್ಲಿಗೆ ಬರುವವರೆಲ್ಲ ನಮ್ಮಂಥವರೇ. ಮೊಣಕಾಲು ಹೋದವರು, ಪಿಂಚಣಿ ಸಾಲದವರು, ಒಂದೇ ಊರಿನಲ್ಲಿ ಕೂತರೆ ಹುಚ್ಚು ಹಿಡಿಯುವವರು. ಹನ್ನೆರಡು ಗಂಟೆಯ ಪಾಳಿ ಮುಗಿಸಿ ಬಂದು, ಮೈಗಂಟಿದ ಗೆಡ್ಡೆಯ ಸಿಹಿ ನಾತ ತೊಳೆದುಕೊಳ್ಳಲೂ ಶಕ್ತಿಯಿಲ್ಲದೆ ಬಿದ್ದುಕೊಳ್ಳುತ್ತೇವೆ. ಮುಂದಿನ ವರ್ಷ ಸತ್ತರೂ ಬರುವುದಿಲ್ಲ ಅನ್ನುತ್ತೇವೆ. ಮುಂದಿನ ವರ್ಷ ಅದೇ ಜಾಗದಲ್ಲಿ ಅದೇ ಮುಖಗಳು.

ಈ ಕ್ಯಾಂಪಿನಲ್ಲಿ ನನ್ನ ಗಂಡನಿಗೆ ಒಂದು ಹೆಸರಿದೆ. ಯಾರ ಫರ್ನೇಸ್ ಕೆಟ್ಟರೂ ಮೊದಲು ಬಡಿಯುವುದು ನಮ್ಮ ಬಾಗಿಲು. ಸದ್ದು ಕೇಳಿಯೇ ರೋಗ ಹೇಳುತ್ತಾನೆ. ಫ್ಯಾನು ನಿಧಾನವಾದರೆ ಬ್ಯಾಟರಿ ನೋಡು. ಫ್ಯಾನು ಜೋರಾಗಿದ್ದೂ ಕಿಡಿ ಬರದಿದ್ದರೆ ಒಳಗಿನ ಪುಟ್ಟ ತಗಡಿನ ರೆಕ್ಕೆ ನೋಡು. ಗಾಳಿಗೆ ಆ ರೆಕ್ಕೆ ಬಾಗಿದರೆ ಮಾತ್ರ ಗ್ಯಾಸು ಬಿಡುವ ಅಪ್ಪಣೆ ಸಿಗುತ್ತದೆ, ಅದಕ್ಕೆ ಒಂದು ನಾಯಿಕೂದಲು ಸಿಕ್ಕಿಕೊಂಡರೂ ಸಾಕು, ನಿಮ್ಮ ರಾತ್ರಿ ಹಾಳು. ಇದನ್ನೆಲ್ಲ ಅವನು ಪುಕ್ಕಟೆ ಹೇಳುತ್ತಾನೆ, ಪುಕ್ಕಟೆ ಮಾಡುತ್ತಾನೆ. ಜನ ಕುಂಬಳದ ಕೇಕು ತಂದುಕೊಡುತ್ತಾರೆ. ನಾಲ್ಕು ಜನರ ಮುಂದೆ ಅವನಿಗಿರುವ ಬೆಲೆ ಅಷ್ಟೇ, ಅದು ಅವನಿಗೆ ಬಹಳ.

ಆ ವಸಂತದಿಂದ ನನಗೆ ಒಂದು ಭಯ ಹತ್ತಿಕೊಂಡಿತ್ತು. ಆರಿನ್ ಮರೆಯುತ್ತಿದ್ದ. ಹೆಸರು ಮರೆಯುವುದಿರಲಿ, ಅದು ನಮ್ಮ ವಯಸ್ಸಿನಲ್ಲಿ ಎಲ್ಲರ ಪಾಡು. ಅವನು ಕೆಲಸದ ಅರ್ಧ ಮರೆಯುತ್ತಿದ್ದ. ನೀರಿನ ಪೈಪು ಸಿಕ್ಕಿಸಿ ನಲ್ಲಿ ತಿರುಗಿಸುವುದು ಬಿಟ್ಟ. ಒಮ್ಮೆ ಮೆಟ್ಟಿಲು ಮಡಚದೆ ಹೊರಟು ಪೆಟ್ರೋಲ್ ಬಂಕಿನ ಕಟ್ಟೆಗೆ ಬಡಿಸಿದ. ಕೇಳಿದರೆ ರೇಗುತ್ತಿದ್ದ. ನಮ್ಮಲ್ಲಿ ಗಾಡಿ ಹೊರಡಿಸುವ ಮುಂಚೆ ಒಂದು ಪದ್ಧತಿಯಿದೆ: ಹೊರಗಿನದು ಅವನದು, ಒಳಗಿನದು ನನ್ನದು. ಮುಗಿದ ಮೇಲೆ ಅದಲುಬದಲು. ಅವನು ಮಾಡಿದ್ದನ್ನು ನಾನು ನೋಡಬೇಕು, ನಾನು ಮಾಡಿದ್ದನ್ನು ಅವನು. ಗಾಲಿಯ ಮೇಲೆ ಬದುಕುವ ಗಂಡಹೆಂಡಿರೆಲ್ಲ ಹೀಗೆಯೇ ಮಾಡುವುದು. ಮೆಟ್ಟಿಲಿನ ಜಗಳವಾದ ಮೇಲೆ ಆರಿನ್ "ನನ್ ಹಿಂದೆ ಪೊಲೀಸ್ ತರ ತಿರುಗ್ಬೇಡ" ಎಂದ. ಅಲ್ಲಿಗೆ ಅದಲುಬದಲು ನಿಂತುಹೋಯಿತು. ನನಗೂ ಜಗಳ ಸಾಕಾಗಿತ್ತು.

ಅವತ್ತು ಬೆಳಿಗ್ಗೆ ಅವನು ಮಲಗಲಿಲ್ಲ. ಗ್ಯಾಸಿನ ಒಲೆ ಹತ್ತಿಸಿ ನೋಡಿದ, ಉರಿ ನೀಲಿಯಾಗಿ ಚೆನ್ನಾಗಿಯೇ ಬಂತು. ಅಂದರೆ ಸಿಲಿಂಡರಿನ ತಪ್ಪಲ್ಲ. ಬ್ಯಾಟರಿ ನೋಡಿದ, ಸರಿಯಿತ್ತು. ನೆಲಕ್ಕೆ ಮಂಡಿಯೂರಿ ಫರ್ನೇಸಿನ ಒಳಮುಚ್ಚಳ ಬಿಚ್ಚಿ, ರೆಕ್ಕೆ ಒರೆಸಿ, ತಂತಿ ಎಳೆದು ನೋಡಿ, ಕಿಡಿಯ ಕಡ್ಡಿಯನ್ನು ಉಜ್ಜಿ ಮತ್ತೆ ಕೂರಿಸಿದ. ಭುಸ್, ತಣ್ಣಗೆ. ನಾನು ಟೋಪಿ, ಕೋಟು, ಎರಡು ಜೊತೆ ಕಾಲುಚೀಲ ಹಾಕಿಕೊಂಡೇ ಕಂಬಳಿ ಎಳೆದುಕೊಂಡೆ.

"ಬಾ, ಮಲ್ಕೋ. ಮಧ್ಯಾಹ್ನ ನೋಡಿದ್ರಾಯ್ತು."

"ಇಷ್ಟು ವರ್ಷ ಬೇರೆಯವ್ರದು ರಿಪೇರಿ ಮಾಡಿ, ನಂದೇ ಆಗ್ಲಿಲ್ಲ ಅಂದ್ರೆ ಜನ ನಗ್ತಾರೆ."

"ನಗೋಕೆ ಯಾರಿಗಿದೆ ಇಲ್ಲಿ ಶಕ್ತಿ?"

ಅವನು ನಗಲಿಲ್ಲ. ಕೊನೆಗೆ ಬಂದು ಮಲಗಿದಾಗ ಅವನ ಪಾದ ಮಂಜುಗಡ್ಡೆಯಾಗಿತ್ತು, ಅದನ್ನು ನನ್ನ ಮೊಣಕಾಲಿನ ಹಿಂದೆ ಇಟ್ಟುಕೊಂಡೆ.

ಆ ರಾತ್ರಿಯೂ ಮಾರನೆಯ ದಿನವೂ ಕೊಯ್ಲಿಗೆ ರಜೆ. ಸಂಜೆಯಿಂದಲೇ ಬಿದ್ದ ಹಿಮಕ್ಕೆ ನೆಲದೊಳಗಿನ ಗೆಡ್ಡೆ ಗಟ್ಟಿಯಾಗಿತ್ತು. ಗಟ್ಟಿಯಾದ ಗೆಡ್ಡೆಯನ್ನು ರಾಶಿಗೆ ಹಾಕಿದರೆ ಕೊಳೆಯುತ್ತದೆ, ಅದಕ್ಕೆ ಅದು ಸಡಿಲವಾಗುವ ತನಕ ಲಾರಿ ಓಡುವುದಿಲ್ಲ. ರಜೆಯೆಂದರೆ ಕೂಲಿಯಿಲ್ಲ, ಆದರೂ ಎಲ್ಲರೂ ಒಳಗೊಳಗೇ ಖುಷಿಪಟ್ಟರು. ಆರಿನ್ ಬೆಳಿಗ್ಗೆ ಇನ್ನೂ ಗೊರಕೆ ಹೊಡೆಯುತ್ತಿದ್ದ. ನಾನು ಸಿಲಿಂಡರಿನಲ್ಲಿ ಎಷ್ಟು ಉಳಿದಿದೆ ನೋಡೋಣವೆಂದು ಹೊರಗೆ ಹೋದೆ. ಟ್ರೇಲರನ್ನು ಒಂದು ಸುತ್ತು ಬರುವಾಗ, ಗೋಡೆಯ ಹೊರಮೈಯಲ್ಲಿ ಫರ್ನೇಸಿನ ಹೊಗೆ ಬರುವ ತೂತಿನ ಮುಂದೆ ನಿಂತೆ. ಏಕೆ ನಿಂತೆನೋ, ಹಳೆಯ ಅಭ್ಯಾಸ. ಹೊಗೆಬಾಯಿಯ ಒಳಗೆ ಏನೋ ಹಳದಿ ಕಂಡಿತು.

ಅರಿಜೋನಾದಲ್ಲಿ ಒಂದು ಜಾತಿಯ ಕಣಜದ ಹುಳುವಿದೆ. ಪ್ರೊಪೇನ್ ವಾಸನೆಯೆಂದರೆ ಅವಕ್ಕೆ ಪ್ರಾಣ. ಚಳಿ ಕಳೆದು ಫರ್ನೇಸ್ ಆರಿಸಿದ್ದೇ ತಡ, ಹೊಗೆಬಾಯಿಯೊಳಗೆ ನುಗ್ಗಿ ಮಣ್ಣಿನ ಗೂಡು ಕಟ್ಟುತ್ತವೆ. ಅದಕ್ಕೆ ನಾವು ಅಲ್ಲಿಗೆ ಸ್ಪಂಜಿನ ಬಿರಡೆ ತುರುಕುತ್ತೇವೆ. ಬಿರಡೆಗೊಂದು ಕೆಂಪು ರಿಬ್ಬನ್, ಗೇಣುದ್ದ ಹೊರಗೆ ನೇತಾಡುವಂತೆ. ಒಳಗೆ ಗೋಡೆಯ ಗುಂಡಿಗೂ ಇನ್ನೊಂದು ಕೆಂಪು ರಿಬ್ಬನ್. ಯಾವ ಕ್ಯಾಂಪಿಗೆ ಹೋದರೂ ಅದರ ಅರ್ಥ ಒಂದೇ: ಇದನ್ನು ಮುಚ್ಚಿದೆ, ಹತ್ತಿಸಬೇಡ. ಉತ್ತರಕ್ಕೆ ಬಂದ ಮೇಲೆ ಒಳಗಿನ ರಿಬ್ಬನ್ ಬಿಚ್ಚಿದವರು ನೇರ ಹೊರಗೆ ಹೋಗಿ ಬಿರಡೆ ಕೀಳಬೇಕು. ಆರಿನ್ ಒಳಗಿನದು ಬಿಚ್ಚಿದ್ದನ್ನು ನಾನೇ ಕಂಡಿದ್ದೆ. ಹೊರಗಿನದು ಬಿಸಿಲಿಗೆ ಬೆಳ್ಳಗಾಗಿ, ದಾರಿಯ ಗಾಳಿಗೆ ಕಿತ್ತುಹೋಗಿತ್ತು. ಬಿರಡೆ ಮಾತ್ರ ಹಾಗೇ ಕೂತಿತ್ತು.

ಹೊಗೆ ಹೋಗಲು ದಾರಿಯಿಲ್ಲದ ಮೇಲೆ ಬೆಂಕಿ ಹೇಗೆ ನಿಂತೀತು. ಕ್ಯಾಂಪಿಗೆ ಹೊಸದಾಗಿ ಬಂದವರಿಗೆ ಆರಿನ್ ಹೇಳುವ ಮೊದಲ ಮಾತೇ ಅದು, ಬಿಚ್ಚೋಕೆ ಮುಂಚೆ ಹೊರಗೆ ಹೋಗಿ ಬಾಯಿ ನೋಡು ಅಂತ. ಎರಡು ಬೆರಳು ಹಾಕಿ ಬಿರಡೆ ಎಳೆದೆ. ಕೈಯಲ್ಲಿ ಹಿಡಿದು ಅಲ್ಲೇ ನಿಂತೆ. ಮೆಟ್ಟಿಲು ಮರೆತದ್ದು ಬೇರೆ, ಇದು ಬೇರೆ. ಅವನಿಗೆ ಗೊತ್ತಿದ್ದ ವಿದ್ಯೆಯೇ ಅವನ ಕೈಬಿಡುತ್ತಿದೆ ಅನ್ನಿಸಿ ನನಗೆ ಅಳು ಬಂತು. ಬೆಂಕಿಯ ವಿಷಯದಲ್ಲಿ ಇವನನ್ನು ನಂಬುವುದು ಹೇಗೆ, ನಂಬದಿದ್ದರೆ ಈ ಗಾಲಿಯ ಬದುಕು ನಡೆಯುವುದು ಹೇಗೆ. ಒಳಗೆ ಹೋಗಿ ಎಬ್ಬಿಸಿ ಹೇಳುವ ಧೈರ್ಯ ಬರಲಿಲ್ಲ. ಬಿರಡೆಯನ್ನು ಕೋಟಿನ ಜೇಬಿಗೆ ಹಾಕಿಕೊಂಡೆ.

ಆರಿನ್ ಎದ್ದು, ಇನ್ನೊಮ್ಮೆ ಎಲ್ಲ ಬಿಚ್ಚಿ, ರೆಕ್ಕೆಯನ್ನು ಇನ್ನೊಮ್ಮೆ ಒರೆಸಿ ಗುಂಡಿ ತಿರುಗಿಸಿದ. ಟಿಕ್ ಟಿಕ್, ಭುಸ್. ಉರಿ ನಿಂತಿತು. ಕಾಲಬಳಿಯ ಜಾಲರಿಯಿಂದ ಬೆಚ್ಚಗಿನ ಗಾಳಿ ಬಂತು, ಸುಟ್ಟ ಧೂಳಿನ ವಾಸನೆಯೂ ಬಂತು.

"ನೋಡ್ದ್ಯಾ? ರೆಕ್ಕೆ. ನಾನು ಮೊದ್ಲೇ ಅಂದಿದ್ದೆ."

"ನೋಡ್ದೆ," ಎಂದೆ.

ಮಧ್ಯಾಹ್ನ ಎಲ್ಲರೂ ಮಡಚುಕುರ್ಚಿ ತಂದು ಬಿಸಿಲಿದ್ದ ಕಡೆ ದುಂಡಗೆ ಕೂತಾಗ ಅವನು ಆ ರೆಕ್ಕೆಯ ಕತೆಯನ್ನು ಇಡೀ ಕ್ಯಾಂಪಿಗೆ ಹೇಳಿದ. ಹೇಗೆ ಎಲ್ಲ ಸರಿಯಿದ್ದೂ ಹತ್ತಲಿಲ್ಲ, ಹೇಗೆ ತಾನು ಸೋಲಲಿಲ್ಲ. ನಾನು ಬಿಯರ್ ಡಬ್ಬಿ ತಿರುಗಿಸುತ್ತ ಕೂತೆ. ಬಿರಡೆ ನನ್ನ ಜೇಬಿನಲ್ಲೇ ಇತ್ತು. ಅವನ ಮುಖದಲ್ಲಿ ಎಷ್ಟೋ ದಿನದ ಮೇಲೆ ಬಂದಿದ್ದ ಕಳೆ ನೋಡಿ, ಸುಮ್ಮನಿದ್ದದ್ದೇ ಒಳ್ಳೆಯದಾಯಿತು ಅಂದುಕೊಂಡೆ.

"ಹಾಗಾದ್ರೆ ನಂದೂ ಒಂಚೂರು ನೋಡು ಆರಿನ್," ಎಂದಳು ಟ್ವೈಲಾ. "ಅದು ಹತ್ತೋದೇ ಇಲ್ಲ. ನಿನ್ನೆ ಹಾಸಿಗೇಲಿ ಬಿಸಿನೀರಿನ ಬಾಟ್ಲಿ ತಬ್ಕೊಂಡು ಮಲ್ಗಿದ್ದೆ. ಬಾಟ್ಲಿಗೂ ನನ್ ಮೇಲೆ ಬೇಜಾರಾಗಿದೆ."

ಟ್ವೈಲಾ ಬ್ರೆಕ್ಕಿ ನಮ್ಮ ಪಕ್ಕದ ಸಾಲಿನವಳು. ಗಂಡ ಸತ್ತ ಮೇಲೂ ಅದೇ ಹಳೆಯ ಟ್ರೇಲರ್ ಎಳೆದುಕೊಂಡು ಒಬ್ಬಳೇ ತಿರುಗುತ್ತಾಳೆ. ನಮ್ಮದೇ ರಾತ್ರಿ ಪಾಳಿ. ಬಾಯಿ ಜೋರು, ಮನಸ್ಸು ಚಿನ್ನ. ಹಗಲು ನಿದ್ದೆ ಬರುವುದಿಲ್ಲವೆಂದು ಮಾತ್ರೆ ನುಂಗಿ, ಕಿವಿಗೆ ರಬ್ಬರು ತುರುಕಿ ಮಲಗುತ್ತಾಳೆ.

"ಈಗ್ಲೇ ನಡಿ," ಎಂದು ಆರಿನ್ ಎದ್ದ. ಅವನ ಉಪಕರಣದ ಪೆಟ್ಟಿಗೆ ತರಲು ಹೋದ ನಡಿಗೆ ನೋಡಿದರೆ ಹತ್ತು ವರ್ಷ ಚಿಕ್ಕವನಾಗಿದ್ದ. ನಮ್ಮ ಟ್ರೇಲರಿನಲ್ಲಿ ಅವನು ಮರೆತರೆ ನಾವು ಚಳಿಯಲ್ಲಿ ನಡುಗುತ್ತೇವೆ. ಅವಳ ಟ್ರೇಲರಿನಲ್ಲಿ ಮರೆತರೆ? ನಾನೂ ಹಿಂದೆಯೇ ಹೋದೆ.

"ನೀನ್ಯಾಕೆ?" ಎಂದ.

"ಟ್ವೈಲಾ ಮಾಡೋ ಕಾಫಿ ಕುಡಿಯಕ್ಕೆ."

"ನಾನು ಮಾಡೋ ಕಾಫೀನ ಯಾರೂ ಬೇಕು ಅಂತ ಕುಡ್ದಿಲ್ಲ ಇಲ್ಲಿತನಕ," ಎಂದಳು ಟ್ವೈಲಾ.

ಅವಳ ಮಂಚದ ಪಕ್ಕದ ಗೋಡೆಯಲ್ಲಿ, ಮೂಗಿಗೆ ತಿಳಿಯದ ವಿಷದ ಹೊಗೆ ಬಂದರೆ ಕೂಗುವ ಅಲಾರಂ ಇರಬೇಕಾದ ಕಡೆ ಬರೀ ತಂತಿ ಕಾಣುತ್ತಿತ್ತು. ಎಲ್ಲಿ ಎಂದು ಕೇಳಿದೆ.

"ಡ್ರಾಯರಲ್ಲಿದೆ. ಅದರ ಆಯಸ್ಸು ಮುಗ್ದಿದೆ. ಬೇಕನ್ ಹುರಿದ್ರೂ ಕೂಗ್ತಿತ್ತು, ಹುರೀದೆ ಇದ್ರೂ ಕೂಗ್ತಿತ್ತು. ನನ್ ಅತ್ತೆ ಹಾಗೆ. ಹೊಸದು ತರ್ಬೇಕು."

ನಮ್ಮ ಜನರ ಚಾಳಿಯೇ ಇದು. ಅರ್ಧ ಕ್ಯಾಂಪಿನ ಅಲಾರಂಗಳು ಡ್ರಾಯರಿನಲ್ಲಿ ಮಲಗಿವೆ. ಹೊಸದು ತರುವುದು ಯಾವಾಗಲೂ ಮುಂದಿನ ಊರಿನಲ್ಲಿ.

ಆರಿನ್ ಹೊರಗಿನಿಂದ ಶುರುಮಾಡಿದ. ಹೊಗೆಬಾಯಿಯ ಮುಚ್ಚಳದ ತಿರುಪು ಬಿಚ್ಚಿ ಸಾಲಾಗಿ ಬಟ್ಟೆಯ ಮೇಲಿಟ್ಟ. ಕೊಳವೆಯ ಸುತ್ತ ಕೂರುವ ಬಿಳಿ ಗ್ಯಾಸ್ಕೆಟ್ ಉಂಗುರವನ್ನು ಹುಷಾರಾಗಿ ಬಿಡಿಸಿ, ಕಳೆದುಹೋಗದಂತೆ ಎಡಗೈಗೆ ತೊಟ್ಟುಕೊಂಡ. ಅದು ಅವನ ಯಾವತ್ತಿನ ರೂಢಿ.

"ಬಳೆ ಚೆನ್ನಾಗಿ ಒಪ್ಪುತ್ತೆ," ಎಂದಳು ಟ್ವೈಲಾ. "ಇನ್ನೊಂದು ಕೈಗೂ ತರಿಸ್ಲಾ?"

"ನಗು, ನಗು. ಆ ಬಳೆ ಇಲ್ದಿದ್ರೆ ಹೊಗೆ ಹೊರಗೆ ಹೋಗೋ ಬದ್ಲು ಗೋಡೆ ಸಂದೀಲಿ ವಾಪಸ್ ಬಂದು ನಿನ್ ಹಾಸಿಗೇಲಿ ಮಲ್ಗುತ್ತೆ."

"ಯಾರಾದ್ರೂ ಮಲ್ಗಿ ಬಾಳ ದಿನ ಆಯ್ತು," ಎಂದಳು. ಆರಿನ್ನನ ಕಿವಿ ಕೆಂಪಾಯಿತು.

ಕೊಳವೆಯೊಳಗಿಂದ ಅವನು ಮಣ್ಣಿನ ಗೂಡನ್ನು ತುಂಡು ತುಂಡಾಗಿ ತೆಗೆದ, ಕಣಜ ಕೂಡಿಟ್ಟಿದ್ದ ಒಣಗಿದ ಜೇಡಗಳ ಸಮೇತ. ಅದನ್ನು ತೆಗೆದ ಬಗೆ ನೋಡುವ ಹಾಗಿತ್ತು. ಅವಸರವಿಲ್ಲ, ನಡುಕವಿಲ್ಲ. ಬಾಗಿದ ತಂತಿ, ಉದ್ದ ಬ್ರಷ್ಷು, ಊದುವ ರಬ್ಬರು ಚೆಂಡು, ಒಂದಾದ ಮೇಲೊಂದು ತಾವಾಗಿಯೇ ಕೈಗೆ ಬರುತ್ತಿದ್ದವು. ನೋಡುತ್ತ ನೋಡುತ್ತ ನನಗೆ ನಾಚಿಕೆಯಾಯಿತು. ಒಂದು ಬಿರಡೆ ಮರೆತದ್ದಕ್ಕೆ ಇಂಥವನನ್ನು ಜೈಲಿನ ಕಾವಲುಗಾರ್ತಿಯ ಹಾಗೆ ಕಾಯುತ್ತ ಕೂತಿದ್ದೇನಲ್ಲ ಅನ್ನಿಸಿತು. ಮೈಯೆಲ್ಲ ನೋಯುತ್ತಿತ್ತು. ಸೂಪಿಗೆ ಇಡುತ್ತೇನೆಂದು ಎದ್ದು ಬಂದುಬಿಟ್ಟೆ.

ಸೂಪು ಕುದಿಯುವ ಹೊತ್ತಿಗೆ ಅವನು ಬಂದ. ಖುಷಿಯಲ್ಲಿದ್ದ.

"ಒಂದೇ ಏಟಿಗೆ ಹತ್ತಿತು. ಟ್ವೈಲಾ ಆಗ್ಲೇ ಮಾತ್ರೆ ನುಂಗಿ ಮಲ್ಗಿದ್ಳು. ಎಂಟು ದಿನದ ನಿದ್ದೆ ಬಾಕಿ ಇದೆಯಂತೆ, ಕೊಯ್ಲು ಶುರುವಾದ್ರೂ ಎಬ್ಬಿಸ್ಬೇಡಿ ಅಂದ್ಳು."

"ಕೈ ತೊಳ್ಕೊ. ಬ್ರೆಡ್ ಕೊಯ್ತೀನಿ."

ಅವನು ಕೋಟು ಬಿಚ್ಚಿ ನೇತುಹಾಕಿದ. ಸಿಂಕಿನ ಮುಂದೆ ನಿಂತು ತೋಳು ಮಡಚಿದ. ಎಡಗೈಯಲ್ಲಿ ಬಳೆ ಇತ್ತು.

ನಾನು ಅದನ್ನೇ ನೋಡಿದೆ. ನಾನು ಏನು ನೋಡುತ್ತಿದ್ದೇನೆಂದು ಅವನೂ ನೋಡಿದ. ಅವನ ಮುಖದಲ್ಲಿ ಮೊದಲು ಏನೂ ಇರಲಿಲ್ಲ. ಇದು ಏನು, ಇಲ್ಲೇಕಿದೆ ಎಂದು ಹುಡುಕುವವನ ಹಾಗೆ ಕೈಯನ್ನು ತಿರುಗಿಸಿದ. ಆ ಒಂದು ಗಳಿಗೆ ನನಗೆ ಈಗಲೂ ಮರೆಯಲಾಗುವುದಿಲ್ಲ. ಆಮೇಲೆ ಅವನ ಬಣ್ಣ ಇಳಿಯಿತು.

ನಾನು ಕೋಟು ಎಳೆದುಕೊಂಡು, ಕಾಲಿಗೆ ಚಪ್ಪಲಿ ಸಿಕ್ಕಿಸಿಕೊಂಡವಳೇ ಓಡಿದೆ. ನನ್ನ ಮಂಡಿಯಲ್ಲಿ ಓಟವೆಂಬುದು ಉಳಿದು ಎಷ್ಟೋ ಕಾಲವಾಗಿತ್ತು, ಹೇಗೆ ಓಡಿದೆನೋ ಗೊತ್ತಿಲ್ಲ. ಟ್ವೈಲಾಳ ಬಾಗಿಲು ಬಡಿದೆ. ಕಿಟಕಿ ಬಡಿದೆ. ಒಳಗೆ ಫರ್ನೇಸಿನ ಫ್ಯಾನು ಹಿತವಾಗಿ ಗೊರಗುಟ್ಟುತ್ತಿತ್ತು, ಬೇರೆ ಸದ್ದಿಲ್ಲ. ಮಂಚದ ಕಡೆಯ ಗೋಡೆಯನ್ನು ಎರಡೂ ಮುಷ್ಟಿಯಿಂದ ಗುದ್ದಿದೆ. ಆರಿನ್ ಏದುಸಿರು ಬಿಡುತ್ತ ಬಂದು ಮುಂಭಾಗದಲ್ಲಿದ್ದ ಸಿಲಿಂಡರುಗಳ ವಾಲ್ವ್ ತಿರುಗಿಸಿ ಗ್ಯಾಸು ನಿಲ್ಲಿಸಿದ. ಆಮೇಲೆ ಅವನೂ ಗುದ್ದಿದ.

ಬಾಗಿಲು ತೆರೆಯಿತು. ಟ್ವೈಲಾ ಕಿವಿಯಿಂದ ಒಂದು ರಬ್ಬರು ಕಿತ್ತು ಕೈಯಲ್ಲಿ ಹಿಡಿದಿದ್ದಳು. ಕೂದಲು ಕೆದರಿತ್ತು.

"ಯಾರ್ ಸತ್ರು?"

"ಇನ್ನೂ ಯಾರೂ ಇಲ್ಲ. ಹೊರಗೆ ಬಾ," ಎಂದು ಅವಳ ರಟ್ಟೆ ಹಿಡಿದು ಎಳೆದೆ. ಮೆಟ್ಟಿಲು ಇಳಿಯುವಾಗ ಅವಳು ತೂರಾಡಿದಳು. ತಲೆ ನೋಯುತ್ತಿದೆಯಾ ಎಂದೆ.

"ಭಾರ ಇದೆ. ಮಾತ್ರೆದು ಇರ್ಬೇಕು." ಅವಳು ನಮ್ಮಿಬ್ಬರ ಮುಖ ನೋಡಿದಳು, ಆಮೇಲೆ ಆರಿನ್ನನ ಕೈ ನೋಡಿದಳು. ಅವಳು ದಡ್ಡಿಯಲ್ಲ. "ಓ," ಎಂದಳು. ನನ್ನ ಕೋಟನ್ನು ಅವಳಿಗೆ ಹೊದಿಸಿ ಅವಳದೇ ಮಡಚುಕುರ್ಚಿಯಲ್ಲಿ ಕೂರಿಸಿದೆ. ಕಿಟಕಿ ಬಾಗಿಲು ಎಲ್ಲ ತೆಗೆದಿಟ್ಟೆವು. ಮಾಡಿಕೊಟ್ಟಿದ್ದ ಬಿಸಿಯೆಲ್ಲ ಬಯಲಿಗೆ ಹೋಯಿತು.

"ಮಾತಾಡ್ತಾ ಮಾತಾಡ್ತಾ ಮುಚ್ಚಳ ಹಾಕ್ಬಿಟ್ಟೆ," ಎಂದ ಆರಿನ್. "ಒಂದ್ಸಲ ಮರ್ತೋಯ್ತು. ಯಾರು ಮರೆಯಲ್ಲ?"

ಅವನ ದನಿಯಲ್ಲಿ ಮತ್ತೆ ಆ ಸಿಡುಕು ಬರುತ್ತಿತ್ತು. ಅದು ಪೂರ್ತಿ ಬಂದುಬಿಟ್ಟರೆ ಈ ಮಾತು ಇಲ್ಲಿಗೇ ಮುಗಿಯುತ್ತದೆ, ನಾಳೆ ಇನ್ಯಾರದೋ ಬಾಗಿಲು. ನಾನು ಟ್ವೈಲಾ ಹೊದ್ದಿದ್ದ ನನ್ನ ಕೋಟಿನ ಜೇಬಿಗೆ ಕೈ ಹಾಕಿ ಬಿರಡೆ ತೆಗೆದು ಅವನ ಮುಂದೆ ಹಿಡಿದೆ.

ಅವನು ಅದನ್ನು ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿದ. ರಿಬ್ಬನ್ ಕಿತ್ತುಹೋದ ಜಾಗದಲ್ಲಿ ಗಂಟು ಮಾತ್ರ ಉಳಿದಿತ್ತು. ಆ ಗಂಟು ಅವನದೇ.

"ಎಲ್ಲಿತ್ತು?"

"ನಮ್ಮ ಹೊಗೆಬಾಯಲ್ಲಿ."

"ಯಾವಾಗ ತೆಗ್ದೆ?"

"ಬೆಳಿಗ್ಗೆ. ನೀನು ಮಲ್ಗಿದ್ದಾಗ."

"ಅಂದ್ರೆ ರೆಕ್ಕೆ ಅಲ್ಲ."

"ಅಲ್ಲ."

ಅವನು ಆ ಗಂಟನ್ನು ಹೆಬ್ಬೆರಳಿನಿಂದ ಉಜ್ಜಿದ.

"ನಾನು ಅಲ್ಲಿ ಎಲ್ರ ಮುಂದೆ ಕೊಚ್ಕೋತಾ ಇದ್ದಾಗ ಇದು ನಿನ್ ಜೇಬಲ್ಲಿತ್ತು."

"ಹೂಂ."

"ನನ್ ಮರ್ಯಾದೆ ಉಳ್ಸಿದೆ."

"ಹೂಂ."

"ಇವ್ಳನ್ನ ಕೊಂದು ಉಳಿಸ್ತಿದ್ದ್ಯಲ್ಲೇ," ಎಂದ. ಕೂಗಲಿಲ್ಲ. ಕೂಗಿದ್ದರೆ ನಾನು ತಿರುಗಿ ಏನಾದರೂ ಹೇಳುತ್ತಿದ್ದೆ. "ಬೆಳಿಗ್ಗೆನೇ ಹೇಳಿದ್ರೆ ನಾನು ಇವತ್ತು ಈ ಪೆಟ್ಟಿಗೆ ಮುಟ್ತಿರ್ಲಿಲ್ಲ. ಅಥವಾ ನಿನ್ನ ಪಕ್ಕದಲ್ಲಿ ನಿಲ್ಲಿಸ್ಕೊಂಡು ಮುಟ್ತಿದ್ದೆ."

"ನೀನು ಪೊಲೀಸ್ ಅಂದಿದ್ದೆ."

"ಅಂದಿದ್ದೆ." ಅವನು ಟ್ವೈಲಾಳ ಮೆಟ್ಟಿಲಿನ ಮೇಲೆ ಕೂತ. "ನಂಗೊತ್ತಾಗುತ್ತೆ ನೇಡೀನ್. ನಂಗೇನೂ ಗೊತ್ತಾಗಲ್ಲ ಅಂದ್ಕೊಂಡಿದ್ಯಾ? ಒಂದ್ ಕೆಲ್ಸ ಶುರುಮಾಡ್ತೀನಿ, ಮಧ್ಯದಲ್ಲಿ ಎಲ್ಲೋ ಒಂದು ತುಂಡು ಇರೋದೇ ಇಲ್ಲ. ಹುಡುಕ್ತೀನಿ. ಇರಲ್ಲ. ಬಾಯ್ಬಿಟ್ಟು ಹೇಳಿದ್ರೆ ನೀನು ಗಾಡಿ ಮಾರು ಅಂತೀಯ."

ಅದನ್ನು ಕೇಳಿ ನನಗೆ ಸಿಟ್ಟೂ ಬಂತು, ಸಂಕಟವೂ ಆಯಿತು. ಇಬ್ಬರೂ ಒಂದೇ ಭಯವನ್ನು ಒಬ್ಬರಿಂದೊಬ್ಬರು ಬಚ್ಚಿಟ್ಟುಕೊಂಡು ಅರಿಜೋನಾದಿಂದ ಇಲ್ಲಿಯ ತನಕ ಎಳೆದುಕೊಂಡು ಬಂದಿದ್ದೆವು.

"ನಾನು ಯಾವತ್ತಾದ್ರೂ ಮಾರು ಅಂದಿದೀನಾ?" ಎಂದೆ.

"ನಿಮ್ಮ ಸಂಸಾರ ಆಮೇಲೆ ಸರಿ ಮಾಡ್ಕೊಳ್ಳಿ," ಎಂದಳು ಟ್ವೈಲಾ. "ನಾನು ಸತ್ತಿದ್ರೆ ನನ್ ಪಾಳಿನೂ ನೇಡೀನ್ ತಲೆಗೇ ಬೀಳ್ತಿತ್ತು, ಅದು ನೆನಪಿರ್ಲಿ. ಈಗ ಚಳಿ ಆಗ್ತಿದೆ. ಆ ಬಳೆ ಎಲ್ಲಿ ಕೂರ್ಬೇಕೋ ಅಲ್ಲಿ ಕೂರ್ಸು."

"ನನ್ ಕೈಲಿ ಮಾಡಿಸ್ಕೋತೀಯಾ?" ಆರಿನ್ ತಲೆಯೆತ್ತಿ ಕೇಳಿದ.

"ಈ ಕ್ಯಾಂಪಲ್ಲಿ ಬೇರೆ ಯಾರಿಗ್ ಬರುತ್ತೆ? ನೇಡೀನ್ ನಿಂತ್ಕೊಂಡು ನೋಡ್ಲಿ. ನಾನೂ ನೋಡ್ತೀನಿ. ಇವತ್ತಿಗೆ ನಿದ್ದೆ ಹೇಗೂ ಕೆಟ್ಟಿದೆ."

ಅವನು ಮತ್ತೆ ತಿರುಪು ಬಿಚ್ಚಿದ, ಬಟ್ಟೆಯ ಮೇಲೆ ಸಾಲಾಗಿ ಇಟ್ಟ. ಕೈಯಿಂದ ಗ್ಯಾಸ್ಕೆಟ್ ಬಿಡಿಸಿ ಕೊಳವೆಯ ಸುತ್ತ ಕೂರಿಸಿದ. ಮುಚ್ಚಳ ಹಾಕಿ ಬಿಗಿದ. ಆಮೇಲೆ ಟಾರ್ಚನ್ನು ನನ್ನ ಕಡೆ ಚಾಚಿದ.

"ಅದಲುಬದಲು," ಎಂದ.

ನಾನು ಬಗ್ಗಿ ನೋಡಿದೆ. ಬಿಳಿ ಅಂಚು ಸುತ್ತಲೂ ಸಮನಾಗಿ ಕಾಣುತ್ತಿತ್ತು. ಒಂದೊಂದು ತಿರುಪನ್ನೂ ಬೆರಳಿನಿಂದ ತಿರುಗಿಸಿ ನೋಡಿದೆ, ಒಂದೂ ಅಲುಗಲಿಲ್ಲ. ಎಲ್ಲ ಸರಿಯಿತ್ತು. ಆದರೂ ಬೇಗ ಮುಗಿಸಲಿಲ್ಲ. ಅವನು ಪಕ್ಕದಲ್ಲಿ ನಿಂತು ಕಾದ, ರೇಗಲಿಲ್ಲ. ಗ್ಯಾಸು ಬಿಟ್ಟು ಹತ್ತಿಸಿದ ಮೇಲೂ ನಾವಿಬ್ಬರು ಹೊಗೆಬಾಯಿಯ ಮುಂದೆ ಅಂಗೈ ಹಿಡಿದು, ಬಿಸಿ ಗಾಳಿ ಹೊರಗೆ ಬರುತ್ತಿದೆಯೆಂದು ಖಾತ್ರಿ ಮಾಡಿಕೊಂಡು ನಿಂತಿದ್ದೆವು. ನಮ್ಮ ಮನೆಯ ಅಲಾರಂ ಬಿಚ್ಚಿ ತಂದು ಟ್ವೈಲಾಳ ಮಂಚದ ಪಕ್ಕದ ತಂತಿಗೆ ಸಿಕ್ಕಿಸಿದೆ. ನಮ್ಮದಕ್ಕೆ ಹೊಸದು ತರುವ ತನಕ ನಾವು ಫರ್ನೇಸ್ ಆರಿಸಿ, ಕ್ಯಾಂಪಿನಲ್ಲಿ ಎರವಲು ಪಡೆದ ಕರೆಂಟಿನ ಪುಟ್ಟ ಹೀಟರ್ ಇಟ್ಟುಕೊಂಡು ಮಲಗುವುದೆಂದಾಯಿತು. ಅಂದರೆ ಮತ್ತೆ ಟೋಪಿ, ಮತ್ತೆ ಎರಡು ಜೊತೆ ಕಾಲುಚೀಲ.

ಸೂಪು ಅಡಿ ಹಿಡಿದಿತ್ತು, ಆರಿನ್ ಒಲೆಯಿಂದ ಪಾತ್ರೆ ಇಳಿಸಿ ತಂದ. ಅದನ್ನೇ ತಿಂದೆವು. ಆರಿನ್ ಎದ್ದು, ಸೆಪ್ಟೆಂಬರಿನಲ್ಲಿ ಗುಂಡಿಯಿಂದ ಬಿಚ್ಚಿಟ್ಟಿದ್ದ ಕೆಂಪು ರಿಬ್ಬನ್ನನ್ನು ಚಮಚಗಳ ಡ್ರಾಯರಿನಿಂದ ಹುಡುಕಿ ತೆಗೆದ. ತನ್ನ ಉಪಕರಣದ ಪೆಟ್ಟಿಗೆಯ ಹಿಡಿಕೆಗೆ ಅದನ್ನು ಕಟ್ಟಿದ. ಗಂಟು ಹಾಕಿ, ಎಳೆದು ನೋಡಿ, ಪೆಟ್ಟಿಗೆಯನ್ನು ಬಾಗಿಲ ಹೊರಗೆ, ದಾರಿಯಲ್ಲಿ ಹೋಗುವ ಎಲ್ಲರಿಗೂ ಕಾಣುವ ಹಾಗೆ ಇಟ್ಟ. ಇದು ಮುಚ್ಚಿದೆ ಎಂಬ ಅದರ ಅರ್ಥವನ್ನು ನಮ್ಮ ಜನಕ್ಕೆ ಬಿಡಿಸಿ ಹೇಳಬೇಕಾಗಿಲ್ಲ. ಬೇಡ, ಒಳಗಿಡು ಅನ್ನಬೇಕೆನಿಸಿತು, ಅನ್ನಲಿಲ್ಲ.

ಸಂಜೆ ಫೋನು ಬಂತು. ಬಿಸಿಲಿಗೆ ಗೆಡ್ಡೆ ಸಡಿಲವಾಗಿದೆ, ರಾತ್ರಿ ಪಾಳಿಯವರು ಬನ್ನಿ. ಇನ್ನೂ ಒಣಗದ ಬೂಟುಗಳಿಗೇ ಮತ್ತೆ ಕಾಲು ತೂರಿಸಿದೆವು. ಟ್ವೈಲಾ ಆಗಲೇ ನಮ್ಮ ಗಾಡಿಯ ಹಿಂದಿನ ಸೀಟಿನಲ್ಲಿ ಕೂತು, ಆಕಳಿಸುತ್ತ ಹಾರನ್ ಒತ್ತಲು ಕೈ ಚಾಚುತ್ತಿದ್ದಳು. ನಾನು ಬಾಗಿಲಿಗೆ ಬೀಗ ಹಾಕುತ್ತಿದ್ದಾಗ ಆರಿನ್ ಮೆಟ್ಟಿಲ ಕೆಳಗೆ ನಿಂತುಬಿಟ್ಟ.

"ಸೂಪಿನ ಒಲೆ ಆರ್ಸಿದೀನಾ?"

"ಆರ್ಸಿದೀಯ."

"ನೀನು ನೋಡ್ದ್ಯಾ?"

ನೋಡಿರಲಿಲ್ಲ. ಬೀಗ ತೆಗೆದು, ಬೂಟು ಬಿಚ್ಚಿ, ಒಳಗೆ ಹೋಗಿ ನೋಡಿ ಬಂದೆ.